ಎತ್ತಿಗೆ ಎರಡು ವಾರ

ಅಕ್ಕಲಕೋಟದಾಗ ನಮ್ಮಪ್ಪನ ಗಾಣ.
ಸೋಮವಾರ ಎತ್ತು ಹೂಡತಿರಲಿಲ್ಲ,
ಬಸವಣ್ಣನ ವಾರ ಅದು.
ಬಿನ್ಯಾಮಿನನ ಮುತ್ತಜ್ಜಂದೂ ಗಾಣ,
ಕೊಂಕಣದ ಕಡೆ, ಸಮುದ್ರದ ಬಾಜೂಕ.
ಅವರ ಎತ್ತು ಶನಿವಾರ ನಿಲ್ಲತಿತ್ತು.
ಊರವರು ಅವರಿಗೆ ಶನಿವಾರ ತೇಲಿ ಅಂತಿದ್ದರಂತ,
ಬೈಗುಳೋ ಹೆಸರೋ, ಅವರಿಗೂ ನೆನಪಿಲ್ಲ.

ಈ ಮಾತು ನಾವು ಆಡಿಕೊಂಡದ್ದು
ಸೊಲ್ಲಾಪುರ ಟೇಶನ್ನಿನ ಪಾರ್ಸಲ್ ಆಫೀಸಿನ್ಯಾಗ.
ನಾ ಚಾದರದ ಗಂಟಿಗೆ ಚೀಟಿ ಹಚ್ಚಾಕಿ,
ಅಂವ ತೂಕ ಬರಿಯಾಂವ.
'ಹಂಗಾರ ನಮ್ಮ ಎತ್ತಿಗೆ ಎರಡು ದಿನ ರಜಾ' ಅಂದ.
ಅಷ್ಟಕ್ಕೇ ನಾ ಸೋತೆ.

ಮುಂಬಯಿಗೆ ಕಾಗದ ಹೋತು.
ಮುಂಬಯಿಯಿಂದ ಕಾಗದ ಬಂತು, ಎರಡೇ ಸಾಲು,
ಎರಡೂ ಇಲ್ಲ ಅಂತ.
ನಮ್ಮ ಮಠದವರು ಕಾಗದಾನೂ ಬರೀಲಿಲ್ಲ.

ಆಗ ಹನೋಖ ಕಾಕಾ, ಪ್ರಾರ್ಥನೆ ನಡೆಸಾವರು,
ಕನ್ನಡಕ ಒರಸಿ ಒರಸಿ ಹೇಳಿದರು:
'ಚಪ್ಪರದ ಕೆಳಗ ನಿಂತು ಮಂತ್ರ ಹೇಳಾಕ
ನನಗ ಬರೂದಿಲ್ಲ, ತಂಗಿ.
ಪೆನ್ನು ಹಿಡ್ಯಾಕ ಬರತೈತಿ.'
ರಿಜಿಸ್ಟ್ರಾರ್ ಕಚೇರ್ಯಾಗ ಮೂರು ಸಾಕ್ಷಿ ಬೇಕು.
ಕಾಕಾ ಒಂದು, ರಿಬ್ಕಾ ಆತ್ಯಾ ಎರಡು,
ಕುರ್ಡುವಾಡಿಯ ಗಾರ್ಡ್ ಹಸ್ಕೇಲ ಮೂರು;
ಹಸಿರು ಬಾವುಟ ಬಗಲಾಗ ಇಟಕೊಂಡೇ ಸಹಿ ಮಾಡಿದ.

ಅದೇ ಸಂಜೀಕ ಆತ್ಯಾ ಹೊಸ ಪಾತ್ರಿ ತಂದು ಕುಕ್ಕಿದಳು.
'ಹಾಲಿಗೊಂದು, ಮಾಂಸಕ್ಕೊಂದು, ಎರಡಿದ್ದುವು.
ನೀ ಮಾಂಸ ಉಣ್ಣಾಕೆಲ್ಲ, ಇದು ಮೂರನೇದು.
ಪಾತ್ರಿ ಬ್ಯಾರೆ ಇಡೂದು ನಮಗ ಹೊಸದೇನು?'
ತಾಟಿನ್ಯಾಗ ಮಲೀದಾ: ಅವಲಕ್ಕಿ, ಬೆಲ್ಲ, ಹಸಿ ಕೊಬ್ಬರಿ.
ನಮ್ಮ ಮಾದಲಿ ಬ್ಯಾರೇನ.
ಬೆಲ್ಲ ಮಾತ್ರ ಅದೇ ಬೆಲ್ಲ.

ಎಲ್ಲಾರೂ ಹಿಂಗ ಇದ್ದರಂತಲ್ಲ.
ಸಾಮ್ಸನ್ ಮಾಸ್ತರು ಮೂರು ವರ್ಷ
ನಾ ಕೊಟ್ಟ ಚಹಾ ಬಾಯಿಗೆ ಹಚ್ಚಲಿಲ್ಲ.
ನನ್ನ ಮಗಳು ನಮ್ಮಾಕೆಯೋ ಅಲ್ಲೋ ಅಂತ
ನನ್ನ ಮುಂದೇ ವಾದ ಮಾಡಿದರು, ಮರಾಠಿಯಾಗ,
ನನಗ ತಿಳಿಯೂದಿಲ್ಲಂತ ತಿಳಕೊಂಡು.
ಸೊಲ್ಲಾಪುರದಾಗ ಮರಾಠಿ ತಿಳಿಯದಾಕಿ ಯಾರು?
ಆತ್ಯಾ ಒಳಗಿಂದ ಬಂದು ಕೂಸಿನ್ನ ಎತ್ತಿ
ಮಾಸ್ತರ ತೊಡಿ ಮ್ಯಾಲೆ ಇಟ್ಟಳು.
ಕೂಸು ಅವರ ಧೋತರ ತೊಯಿಸಿತು.
ವಾದ ಮುಗೀತು ಅಂತಲ್ಲ,
ಆವತ್ತಿಗೆ ನಿಂತಿತು.

ಪ್ರಾರ್ಥನೆಗೆ ಹತ್ತು ಗಂಡಸರು ಬೇಕು.
ಎಂಟಾಗತಿದ್ದರು, ಒಮ್ಮೊಮ್ಮೆ ಒಂಬತ್ತು.
ಶುಕ್ರವಾರ ಹೊತ್ತು ಮುಳುಗೂದರಾಗ ಹಸ್ಕೇಲ ಬಂದು
ನಮ್ಮ ಪಡಸಾಲ್ಯಾಗ ಮಲಗತಿದ್ದ, ಹತ್ತು ಮಾಡಾಕ.
ಆ ಎಣಿಕ್ಯಾಗ ನಾ ಇಲ್ಲ.
ರೊಟ್ಟಿ ಎಣಿಕಿ ನಂದು.
ದೀಪದ ಕುಸುಬಿ ಎಣ್ಣಿ ನಂದು, ಅಪ್ಪನ ಗಾಣದ್ದು;
ಅಪ್ಪ ಬರತಿರಲಿಲ್ಲ, ಅವ್ವ ಕದ್ದು ಕಳಸತಿದ್ದಳು.

ಆರು ವರ್ಷಕ್ಕ ಅಪ್ಪ ತಾನೇ ಡಬ್ಬಿ ಹೊತ್ತು ಬಂದ.
ಹೊಸ್ತಿಲದಾಗ ನಿಂತ.
ಚೌಕಟ್ಟಿಗೆ ಬಡದಿದ್ದ ಸಣ್ಣ ಬೆಳ್ಳಿ ಡಬ್ಬಿ ಮುಟ್ಟಿ ಕೇಳಿದ:
'ಬಾಗಿಲಕ್ಕೂ ಕರಡಗಿ ಕಟ್ಟ್ಯಾರೇನು?'
ನನ್ನ ಕೊಳ್ಳಾಗಿಂದು ಕೈಲೆ ಹಿಡಕೊಂಡು
ನಾ ಹೂಂ ಅಂದೆ.
ಒಳಗ ಬಂದ.

ಹೋದ ವರ್ಷ ಬಿನ್ಯಾಮಿನ ಹೋದ.
ರೈಲು ಹಳಿ ಆಚೆ ಅವರ ಭೂಮಿ, ಬೇವಿನ ಗಿಡ, ಸುತ್ತ ಗ್ವಾಡಿ.
ಗ್ವಾಡಿ ಹೊರಗ ಇಂಥವರಿಗಂತ ಒಂದು ಪಟ್ಟಿ ಜಾಗಾ,
ಹಿಂದಕ್ಕೇ ನೋಡಿ ಇಟ್ಟಿದ್ದೆ, ಯಾರಿಗೂ ಹೇಳಿರಲಿಲ್ಲ.
ಕಾಕಾಗ ಈಗ ತೊಂಬತ್ತು ದಾಟೈತಿ.
ಕೋಲು ಊರಿಕೊಂಡು ಬಂದು,
ಅವನ ಮಗ್ಗಲಿಗೆ, ಗ್ವಾಡಿ ಒಳಗ,
ಕೋಲಿನ ತುದೀಲೆ ಮಣ್ಣಾಗ ಗೆರಿ ಎಳದರು.
'ಇದು ನಿಂದು, ಗುರುಬಾಯಿ.'

'ಕಾಕಾ,' ಅಂದೆ, 'ನಮ್ಮಲ್ಲಿ ಕುಂಡ್ರಿಸಿ ಹೂಳತಾರ.'

ಕನ್ನಡಕ ತಗದು ಒರಸಿದರು.
ಗೂಡ್ಸ್ ಗಾಡಿ ಒಂದು ಪೂರಾ ದಾಟಿ ಹೋಗೂತನಕ ಒರಸಿದರು.
'ಕುಂಡ್ರು,' ಅಂದರು,
'ಜಾಗಾ ಕಡಿಮಿ ಹಿಡೀತೈತಿ.'